ಕೊಟ್ಟದ್ದನ್ನು ಹೇಳಿಕೊಳ್ಳಬೇಕಾ? ಫುಟ್‌ಬಾಲ್ ತಾರೆಯರ ಸಂಬಳ ಮತ್ತು ದಾನದ ಲೆಕ್ಕ

2020ರ ಏಪ್ರಿಲ್ 2. ಲಂಡನ್ನಿನ ಡೌನಿಂಗ್ ಸ್ಟ್ರೀಟ್‌ನಲ್ಲಿ ಕೋವಿಡ್ ಬಗ್ಗೆ ಸರ್ಕಾರದ ದಿನನಿತ್ಯದ ಪತ್ರಿಕಾಗೋಷ್ಠಿ ನಡೆಯುತ್ತಿತ್ತು. ಆಸ್ಪತ್ರೆಗಳು ತುಂಬುತ್ತಿದ್ದ ದಿನಗಳು ಅವು. ಆಗ ಆರೋಗ್ಯ ಸಚಿವರಾಗಿದ್ದ ಮ್ಯಾಟ್ ಹ್ಯಾನ್‌ಕಾಕ್ ಒಂದು ಪ್ರಶ್ನೆಗೆ ಉತ್ತರಿಸುತ್ತಾ ಫುಟ್‌ಬಾಲ್ ಆಟಗಾರರ ಕಡೆ ಬೆರಳು ತೋರಿಸಿದರು. ಎಲ್ಲರೂ ತ್ಯಾಗ ಮಾಡುತ್ತಿರುವಾಗ ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಲೀಗಾದ ಪ್ರೀಮಿಯರ್ ಲೀಗ್‌ನ ಆಟಗಾರರೂ ಸಂಬಳ ಕಡಿತ ಒಪ್ಪಿಕೊಂಡು ತಮ್ಮ ಪಾಲಿನದ್ದು ಮಾಡಲಿ ಎಂದರು.

ಪತ್ರಿಕೆಗಳಿಗೆ ಇಷ್ಟೇ ಸಾಕಿತ್ತು. ವಾರಕ್ಕೆ 1 ಲಕ್ಷ ಪೌಂಡ್ ಎಣಿಸುವ ಹುಡುಗ ಒಂದು ಕಡೆ, ರಾತ್ರಿ ಪಾಳಿ ಮುಗಿಸಿ ಸುಸ್ತಾಗಿ ಮನೆಗೆ ಹೋಗುವ ನರ್ಸ್ ಇನ್ನೊಂದು ಕಡೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿಬಿಟ್ಟರೆ ಮುಂದೆ ವಾದ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ, ಅಲ್ವಾ?

ಆದರೆ ಇಲ್ಲಿ ಒಂದಲ್ಲ, ಮೂರು ಪ್ರಶ್ನೆಗಳಿವೆ. ಆಟಗಾರರು ಕೊಡಬೇಕಾ? ಕೊಡುವುದನ್ನು ಊರಿಗೆಲ್ಲ ತಿಳಿಯುವಂತೆ ಕೊಡಬೇಕಾ? ಕೊಟ್ಟ ದುಡ್ಡು ಕೊನೆಗೆ ಯಾರ ಕೈ ಸೇರುತ್ತದೆ? ಮೂರನ್ನೂ ಒಟ್ಟಿಗೆ ಕಲಸಿದ್ದರಿಂದಲೇ ಆ ಏಪ್ರಿಲ್‌ನಲ್ಲಿ ಅಷ್ಟೊಂದು ಜಗಳವಾಯಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಹಿರಂಗವಾಗಿ ಕೊಡುವುದು ಒಳ್ಳೆಯದೇ. ಆದರೆ ಎಷ್ಟು ಕೊಟ್ಟೆ ಎಂದು ಹೇಳುವುದಕ್ಕಿಂತ ಯಾವ ನಿಯಮದಂತೆ ಕೊಡುತ್ತೇನೆ ಎಂದು ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾಕೆ ಎನ್ನುವುದು ತಿಳಿಯಬೇಕಾದರೆ ಮೊದಲು ದುಡ್ಡು ಹರಿಯುವ ದಾರಿ ನೋಡಬೇಕು.

ಕಡಿತ ಬೇರೆ, ದಾನ ಬೇರೆ

ಸಚಿವರು ಕೇಳಿದ್ದು ಸಂಬಳ ಕಡಿತ. ಜನ ಅದನ್ನು ದಾನ ಎಂದುಕೊಂಡರು. ಇವೆರಡರ ನಡುವೆ ಎಷ್ಟು ದೂರ ಇದೆ ಎನ್ನುವುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು.

ಆಗಿನ ಬ್ರಿಟನ್ನಿನಲ್ಲಿ ವರ್ಷಕ್ಕೆ 1.5 ಲಕ್ಷ ಪೌಂಡ್ ಮೀರಿದ ಆದಾಯಕ್ಕೆ 45% ತೆರಿಗೆ. ಅದರ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ ಇನ್ನೂ 2%. ದೊಡ್ಡ ಆಟಗಾರನ ಸಂಬಳದ ಬಹುಪಾಲು ಈ ಮೇಲಿನ ಹಂತದಲ್ಲೇ ಬರುತ್ತದೆ. ಅಂದರೆ ಅವನ ಪ್ರತಿ 100 ಪೌಂಡಿನಲ್ಲಿ 47 ಸರ್ಕಾರಕ್ಕೆ, 53 ಅವನ ಕೈಗೆ. ಇದಲ್ಲದೆ ಸಂಬಳ ಕೊಡುವ ಕ್ಲಬ್ ತನ್ನ ಕಡೆಯಿಂದ 13.8% ನ್ಯಾಷನಲ್ ಇನ್ಶೂರೆನ್ಸ್ ಕಟ್ಟಬೇಕು. ಎಲ್ಲ ಸೇರಿಸಿದರೆ ಆಟಗಾರನಿಗೆ ಕೊಡುವ ಪ್ರತಿ 100 ಪೌಂಡಿಗೆ ಖಜಾನೆಗೆ ಸುಮಾರು 61 ಪೌಂಡ್ ಬರುತ್ತದೆ.

ಈಗ ಆ 100 ಪೌಂಡ್ ಕಡಿತ ಮಾಡಿ ನೋಡಿ. ಆಟಗಾರನಿಗೆ 53 ಹೋಯಿತು. ಖಜಾನೆಗೆ 61 ಹೋಯಿತು. ನರ್ಸ್‌ಗಳಿಗೆ ಒಂದು ಪೆನ್ನಿಯೂ ಬರಲಿಲ್ಲ. ಹಾಗಾದರೆ ದುಡ್ಡು ಎಲ್ಲಿ ಉಳಿಯಿತು? ಕ್ಲಬ್ಬಿನಲ್ಲಿ. ಅಂದರೆ ಮಾಲೀಕನ ಬಳಿ. ಆಸ್ಪತ್ರೆ ನಡೆಸುವುದೇ ತೆರಿಗೆ ಹಣದಿಂದ. ಆಸ್ಪತ್ರೆಗಾಗಿ ಸಂಬಳ ಬಿಡಿ ಎಂದು ಆರೋಗ್ಯ ಸಚಿವರೇ ಕೇಳಿದ್ದು, ಲೆಕ್ಕ ಹಾಕಿದರೆ, ಆಸ್ಪತ್ರೆಯ ಗಂಟನ್ನೇ ಕರಗಿಸುವ ಸಲಹೆಯಾಗಿತ್ತು.

ಆಟಗಾರರ ಸಂಘ ಪಿಎಫ್‌ಎ ಇದನ್ನೇ ಹೇಳಿತು. ಹ್ಯಾನ್‌ಕಾಕ್ ಮಾತಾಡಿದ ಮರುದಿನ ಪ್ರೀಮಿಯರ್ ಲೀಗ್ 30% ಕಡಿತದ ಪ್ರಸ್ತಾವ ಇಟ್ಟಿತ್ತು. ಅದನ್ನು ಒಂದು ವರ್ಷಕ್ಕೆ ಲೆಕ್ಕ ಹಾಕಿದರೆ ಆಟಗಾರರು ಬಿಡುವ ಸಂಬಳ 50 ಕೋಟಿ ಪೌಂಡಿಗೂ ಜಾಸ್ತಿ, ಸರ್ಕಾರ ಕಳೆದುಕೊಳ್ಳುವ ತೆರಿಗೆ 20 ಕೋಟಿ ಪೌಂಡಿಗೂ ಜಾಸ್ತಿ ಎಂದು ಸಂಘ ತೋರಿಸಿತು. ಶ್ರೀಮಂತರು ತಮ್ಮ ದುಡ್ಡು ಉಳಿಸಿಕೊಳ್ಳಲು ಹೂಡಿದ ನೆಪ ಎಂದು ಕೆಲವರು ಮೂಗು ಮುರಿದರು. ನೆಪವೇ ಇರಲಿ, ಲೆಕ್ಕ ಮಾತ್ರ ಸರಿಯಾಗಿತ್ತು.

ಇನ್ನೊಂದು ವಿಷಯವೂ ಇದೇ ವಾರ ನಡೆಯಿತು. ಕೆಲಸ ನಿಂತ ಸಿಬ್ಬಂದಿಯ ಸಂಬಳದ 80%, ತಿಂಗಳಿಗೆ 2,500 ಪೌಂಡ್ ಮೀರದಂತೆ, ಸರ್ಕಾರವೇ ಕೊಡುವ ಯೋಜನೆ ಇತ್ತು. ಮುಚ್ಚಿಹೋಗುವ ಅಂಗಡಿ, ಹೋಟೆಲುಗಳಿಗಾಗಿ ತಂದದ್ದು. ಟಾಟನ್‌ಹ್ಯಾಮ್, ನ್ಯೂಕಾಸಲ್, ಲಿವರ್‌ಪೂಲ್ ಕ್ಲಬ್ಬುಗಳು ತಮ್ಮ ಆಟಗಾರರಲ್ಲದ ಸಿಬ್ಬಂದಿಯನ್ನು ಈ ಯೋಜನೆಗೆ ಹಾಕಿದವು. ಟಾಟನ್‌ಹ್ಯಾಮ್‌ನ ಆಗಿನ ಮುಖ್ಯ ಮಾಲೀಕ ಜೋ ಲೂಯಿಸ್ ಬಹಾಮಾಸ್‌ನಲ್ಲಿ ನೆಲೆಸಿದ್ದ ಶತಕೋಟ್ಯಧಿಪತಿ. ಜನ ರೇಗಿದರು. ಲಿವರ್‌ಪೂಲ್ ಏಪ್ರಿಲ್ 6ರಂದು ಕ್ಷಮೆ ಕೇಳಿ ಹಿಂದೆ ಸರಿಯಿತು, ಟಾಟನ್‌ಹ್ಯಾಮ್ ಅದಾದ ಒಂದು ವಾರಕ್ಕೆ. ಆದರೂ ಸಚಿವರ ಬೆರಳು ಮಾಲೀಕರ ಕಡೆ ತಿರುಗಲೇ ಇಲ್ಲ ಎನ್ನುವುದನ್ನು ಗಮನಿಸಬೇಕು.

ದಾನದ ಲೆಕ್ಕ ಇದಕ್ಕಿಂತ ಪೂರ್ತಿ ಬೇರೆ. ಆಟಗಾರ ಪೂರ್ತಿ ಸಂಬಳ ತೆಗೆದುಕೊಂಡು, ತೆರಿಗೆ ಕಟ್ಟಿ, ಉಳಿದ ದುಡ್ಡಿನಲ್ಲಿ 100 ಪೌಂಡ್ ಕೊಟ್ಟ ಎನ್ನಿ. ಗಿಫ್ಟ್ ಏಡ್ ಎಂಬ ವ್ಯವಸ್ಥೆಯಂತೆ ದಾನ ಪಡೆದ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೌಂಡ್ ಪಡೆಯುತ್ತದೆ. 45% ತೆರಿಗೆ ಕಟ್ಟುವವನಾದ್ದರಿಂದ ಆಟಗಾರನೂ 31.25 ಪೌಂಡ್ ವಾಪಸ್ ಕೇಳಬಹುದು. ಕೊನೆಗೆ ಸಂಸ್ಥೆಗೆ ಸಿಕ್ಕಿದ್ದು 125. ಅವನ ಜೇಬಿನಿಂದ ನಿಜವಾಗಿ ಹೋದದ್ದು 68.75. ಉಳಿದದ್ದು ತೆರಿಗೆದಾರರ ದುಡ್ಡು. ಈ ಅಂಶ ಮುಂದೆಯೂ ಬೇಕಾಗುತ್ತದೆ: ದೊಡ್ಡ ದಾನಿಯ ಪ್ರತಿ ದಾನದಲ್ಲೂ ಸಾರ್ವಜನಿಕರು ಹೇಳದೆ ಕೇಳದೆ ಪಾಲುದಾರರಾಗಿರುತ್ತಾರೆ.

ಆಟಗಾರರು ಆರಿಸಿಕೊಂಡದ್ದು ಈ ಎರಡನೆಯ ದಾರಿ. ಲಿವರ್‌ಪೂಲ್ ನಾಯಕ ಜೋರ್ಡನ್ ಹೆಂಡರ್ಸನ್ ಉಳಿದ ಕ್ಲಬ್ಬುಗಳ ನಾಯಕರಿಗೆ ಫೋನು ಮಾಡಿ ಮಾತಾಡಿದ್ದರು. ಏಪ್ರಿಲ್ 8ರಂದು ‘ಪ್ಲೇಯರ್ಸ್ ಟುಗೆದರ್’ ಹೆಸರಿನ ಒಂದೇ ಹೇಳಿಕೆ ಎಷ್ಟೋ ಆಟಗಾರರ ಸೋಷಿಯಲ್ ಮೀಡಿಯಾ ಖಾತೆಗಳಲ್ಲಿ ಬಂತು. ಸರ್ಕಾರಿ ಆಸ್ಪತ್ರೆಗಳಿಗೆ ನೆರವಾಗುವ ‘ಎನ್‌ಎಚ್‌ಎಸ್ ಚಾರಿಟೀಸ್ ಟುಗೆದರ್’ ಮೂಲಕ ದುಡ್ಡು ಹೋಗುತ್ತದೆ, ಕೊಡುವುದು ಅವರವರ ಇಷ್ಟ, ಎಂದಿತ್ತು ಅದರಲ್ಲಿ. ಯಾರು ಎಷ್ಟು ಕೊಟ್ಟರು ಎಂಬ ಪಟ್ಟಿ ಇರಲಿಲ್ಲ. ನಾವು ಒಟ್ಟಾಗಿ ಕೊಡುತ್ತಿದ್ದೇವೆ ಎನ್ನುವುದು ಬಹಿರಂಗ, ಒಬ್ಬೊಬ್ಬರ ಮೊತ್ತ ಗುಟ್ಟು. ನನಗೆ ಇದು ಜಾಣ ನಡೆ ಅನ್ನಿಸುತ್ತದೆ.

ಇವರನ್ನೇ ಯಾಕೆ ಕೇಳುತ್ತಾರೆ?

ಲಂಡನ್ನಿನ ದೊಡ್ಡ ಬ್ಯಾಂಕರ್ ವಾರಕ್ಕೆ ಎಷ್ಟು ಎಣಿಸುತ್ತಾನೆ ಎಂದು ಯಾರಿಗೂ ಗೊತ್ತಿಲ್ಲ. ಆದರೆ ಫುಟ್‌ಬಾಲ್ ಆಟಗಾರನ ವಾರದ ಸಂಬಳ ಎಲ್ಲರ ಬಾಯಲ್ಲೂ ಇದೆ. ಇಂಗ್ಲೆಂಡಿನಲ್ಲಿ ಇದಕ್ಕೊಂದು ಹಿನ್ನೆಲೆ ಇದೆ. ಅಲ್ಲಿ ಆಟಗಾರ ಎಂದರೆ ಕಾರ್ಖಾನೆಯ ಕಾರ್ಮಿಕನ ಹಾಗೆ ವಾರದ ಕೂಲಿಯವನು. 1961ರವರೆಗೂ ಎಷ್ಟೇ ದೊಡ್ಡ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಜಾಸ್ತಿ ಕೊಡುವಂತಿರಲಿಲ್ಲ. ಜಿಮ್ಮಿ ಹಿಲ್ ನೇತೃತ್ವದಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿ ಆ ಮಿತಿಯನ್ನು ತೆಗೆಸಿತು. ಆಮೇಲೆ ಫುಲಮ್ ಕ್ಲಬ್ಬಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯುವ ಮೊದಲ ಆಟಗಾರ ಎಂದು ಸುದ್ದಿಯಾದರು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಗಿ ಟಿವಿ ದುಡ್ಡು ಹರಿಯಿತು. 1995ರಲ್ಲಿ ಯೂರೋಪಿನ ನ್ಯಾಯಾಲಯ ಕೊಟ್ಟ ಬೋಸ್‌ಮನ್ ತೀರ್ಪು, ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್ಬಿಗೆ ದುಡ್ಡು ಕೊಡಿಸದೆ ಬೇರೆ ಕ್ಲಬ್ಬಿಗೆ ಹೋಗಲು ಬಿಟ್ಟಿತು. ಅಲ್ಲಿಂದ ಸಂಬಳ ಏರಿದ್ದು ಏರಿದ್ದೇ.

ಹೀಗೆ ಏರಿದರೂ ವಾರದ ಲೆಕ್ಕ ಹಾಗೇ ಉಳಿಯಿತು. ಅದಕ್ಕೇ ಪಕ್ಕದ ಬೀದಿಯ ಹುಡುಗನೊಬ್ಬ ಎದ್ದ ಹಾಗೆ ಜನರಿಗೆ ಕಾಣುತ್ತದೆ. ಹುಟ್ಟು ಶ್ರೀಮಂತನ ಆಸ್ತಿ ಕಣ್ಣಿಗೆ ಚುಚ್ಚುವುದಿಲ್ಲ, ಬಡವರ ಮನೆಯ ಹುಡುಗನ ಹೊಸ ಕಾರು ಚುಚ್ಚುತ್ತದೆ. ಇದರಲ್ಲಿ ಸ್ವಲ್ಪ ವರ್ಗದ ಅಸಹನೆ ಇದೆ, ಸ್ವಲ್ಪ ಬಣ್ಣದ ಅಸಹನೆಯೂ ಇದೆ. ಹಾಗಂತ ಕೇಳುವುದೇ ತಪ್ಪು ಎನ್ನಲಾರೆ. ಈ ಸಂಬಳ ಬರುವುದು ಟಿಕೆಟ್ಟಿಗೆ, ಟಿವಿ ಚಂದಾಕ್ಕೆ, ಜೆರ್ಸಿಗೆ ದುಡ್ಡು ಸುರಿಯುವ ಅಭಿಮಾನಿಗಳಿಂದ. ಊರಿನ ಪ್ರೀತಿಯಿಂದ ಬೆಳೆದವನಿಂದ ಊರು ಏನಾದರೂ ಬಯಸುವುದು ಸಹಜ. ಅದೇ ಪ್ರೀತಿಯಿಂದ ಬೆಳೆದ ಮಾಲೀಕ, ಏಜೆಂಟ್, ಟಿವಿ ಕಂಪನಿಯಿಂದ ಮಾತ್ರ ಯಾರೂ ಬಯಸುವುದಿಲ್ಲ ಎನ್ನುವುದೇ ನನ್ನ ತಕರಾರು.

ಕೋವಿಡ್ ಕಾಲದ ಬೇಡಿಕೆ ಹೊಸದೇನಲ್ಲ. 2007ರಲ್ಲಿ ಅರ್ಥಶಾಸ್ತ್ರಜ್ಞೆ ನೊರೀನಾ ಹರ್ಟ್ಸ್ ‘ಮೇಡೇ ಫಾರ್ ನರ್ಸಸ್’ ಎಂಬ ಅಭಿಯಾನ ನಡೆಸಿದ್ದರು. ಪ್ರೀಮಿಯರ್ ಲೀಗಿನ ಪ್ರತಿ ಆಟಗಾರ ಒಂದು ದಿನದ ಸಂಬಳವನ್ನು ಕಷ್ಟದಲ್ಲಿರುವ ನರ್ಸ್‌ಗಳ ನಿಧಿಗೆ ಕೊಡಲಿ ಎನ್ನುವುದು ಅವರ ಬೇಡಿಕೆ. ಅದೇ 2007ರಿಂದ ಇಂಗ್ಲೆಂಡ್ ಪುರುಷರ ರಾಷ್ಟ್ರೀಯ ತಂಡದವರು ದೇಶಕ್ಕಾಗಿ ಆಡಿ ಪಡೆಯುವ ಪಂದ್ಯದ ಶುಲ್ಕವನ್ನು ಪೂರ್ತಿಯಾಗಿ ದಾನಕ್ಕೆ ಬಿಡುತ್ತಾ ಬಂದಿದ್ದಾರೆ. ಮೊದಲನೆಯದು ಆಗ ದೊಡ್ಡ ಸುದ್ದಿ. ಎರಡನೆಯದು ಇಷ್ಟು ವರ್ಷಗಳಿಂದ ನಡೆಯುತ್ತಿದ್ದರೂ ಇಂಗ್ಲೆಂಡಿನ ಎಷ್ಟೋ ಅಭಿಮಾನಿಗಳಿಗೇ ಗೊತ್ತಿಲ್ಲ. ಸುಮ್ನೆ ಕೊಟ್ಟರೆ ಕೊಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ, ಮತ್ತೆ ಮತ್ತೆ ‘ಕೊಡಿ’ ಎನ್ನುವ ಕೂಗು ಮಾತ್ರ ಕೇಳುತ್ತದೆ. ಗುಟ್ಟಾಗಿ ಕೊಡುವುದರ ಮೊದಲ ತೊಂದರೆ ಇದು.

ಬಲಗೈ, ಎಡಗೈ

ಬಲಗೈಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಹೇಳಿಕೊಂಡು ಬೆಳೆದವರು ನಾವು. ಅದೇ ನಾವು ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೇಲೆ ಬೆಳಕೇ ಬರದಷ್ಟು ದಪ್ಪಗೆ ಹೆಸರು ಬರೆಸುತ್ತೇವೆ. ಫುಟ್‌ಬಾಲ್ ಲೋಕದಲ್ಲೂ ಈ ಎರಡೂ ಇವೆ.

ಟ್ಯೂಬ್‌ಲೈಟ್ ಬಗೆಯದ್ದಕ್ಕೆ ಇಂಗ್ಲೆಂಡಿನ ತಾರೆ ಡೇವಿಡ್ ಬೆಕಮ್ ಅವರ ಪ್ಯಾರಿಸ್ ಒಪ್ಪಂದವನ್ನು ನೋಡಬಹುದು. 2013ರ ಜನವರಿ ಕೊನೆಯಲ್ಲಿ ಅವರು ಪ್ಯಾರಿಸ್ಸಿನ ಕ್ಲಬ್ ಪಿಎಸ್‌ಜಿ ಸೇರಿದರು. ಐದು ತಿಂಗಳ ಸಂಬಳವನ್ನೆಲ್ಲ ಪ್ಯಾರಿಸ್ಸಿನ ಮಕ್ಕಳ ಸಂಸ್ಥೆಯೊಂದಕ್ಕೆ ಕೊಡುವುದಾಗಿ ಮೊದಲ ಪತ್ರಿಕಾಗೋಷ್ಠಿಯಲ್ಲೇ ಹೇಳಿದರು. ಮಕ್ಕಳಿಗೆ ದುಡ್ಡು ಸಿಗುವುದು ಸಂತೋಷವೇ. ಆದರೆ ಬೆಕಮ್ ಅಂಥವರಿಗೆ ಜಾಹೀರಾತಿನಿಂದ ಬರುವುದರ ಮುಂದೆ ಸಂಬಳ ಒಂದು ಭಾಗ ಮಾತ್ರ. ಹೆಸರು ಬೆಳೆದಷ್ಟೂ ಜಾಹೀರಾತು ಬೆಳೆಯುತ್ತದೆ. ದಾನವೇ ಬಂಡವಾಳವಾಗುವ ಸಾಧ್ಯತೆ ಇದ್ದೇ ಇರುತ್ತದೆ. ಅವರ ಮನಸ್ಸಿನಲ್ಲಿ ಏನಿತ್ತೋ ನಮಗೆ ಬೇಡ. ಒಂದು ಸಲ ಮಾಡಿ ಮುಗಿಸುವ, ದೊಡ್ಡ ಮೊತ್ತದ, ಕ್ಯಾಮೆರಾ ಮುಂದಿನ ಘೋಷಣೆಯನ್ನು ಬೇರೆಯವರು ಅನುಸರಿಸುವುದು ಕಷ್ಟ ಎನ್ನುವುದೇ ಅದರ ಕೊರತೆ. ಇಪ್ಪತ್ತರ ಹುಡುಗ ಬೆಕಮ್ ಹಾಗೆ ಇಡೀ ಸಂಬಳ ಕೊಡಲಾರ. ಕೊಡಬೇಕಾಗಿಯೂ ಇಲ್ಲ.

ಗುಟ್ಟಾಗಿ ಕೊಡುವವರ ವಾದವನ್ನೂ ಹಗುರವಾಗಿ ನೋಡಬಾರದು. ಪಡೆಯುವವರ ಮಾನ ಉಳಿಯುತ್ತದೆ. ಇನ್ನೊಂದು ಕಾರಣವನ್ನು ಆಫ್ರಿಕಾ, ಲ್ಯಾಟಿನ್ ಅಮೆರಿಕದ ಆಟಗಾರರ ಬದುಕಿನಲ್ಲಿ ಕಾಣಬಹುದು. ಅಲ್ಲಿಂದ ಯೂರೋಪಿಗೆ ಬಂದ ಹುಡುಗನ ಸಂಬಳದ ಮೇಲೆ ಅಪ್ಪ ಅಮ್ಮ ಮಾತ್ರವಲ್ಲ, ಬಂಧುಬಳಗವೇ ನಿಂತಿರುತ್ತದೆ. ತಂಗಿಯ ಓದು, ಮಾವನ ಆಪರೇಷನ್, ಊರಿನ ಬಾವಿ ಎಲ್ಲಕ್ಕೂ ಅವನೇ. ಇದ್ಯಾವುದೂ ಯಾವ ಚಾರಿಟಿಯ ಪಟ್ಟಿಯಲ್ಲೂ ಬರುವುದಿಲ್ಲ. ಹೆಸರು ಹೆಸರು ಹಿಡಿದು ದಾನಿಗಳ ಪಟ್ಟಿ ಹಾಕಿದರೆ ಅಂಥವನು ಜಿಪುಣನಾಗಿ ಕಾಣುತ್ತಾನೆ. ಕೆಳಗಿನ ಡಿವಿಷನ್‌ಗಳಲ್ಲಿ ಸಾಮಾನ್ಯ ನೌಕರಿಯಷ್ಟೇ ಗಳಿಸುವವರೂ ಇದ್ದಾರೆ, ಗಳಿಕೆಯ ಕಾಲವೂ ಮೂವತ್ತೈದರ ಸುಮಾರಿಗೆ ಮುಗಿದುಹೋಗುತ್ತದೆ. ಮೊತ್ತದ ಪಟ್ಟಿಗೆ ನಾನು ವಿರೋಧಿಯಾಗಿರುವುದು ಇದಕ್ಕೇ.

ಆದರೆ ಪೂರ್ತಿ ಮೌನಕ್ಕೂ ಬೆಲೆ ತೆರಬೇಕಾಗುತ್ತದೆ. ಸುದ್ದಿ ಇಲ್ಲದ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. 2020ರ ಮಾರ್ಚ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಪೋರ್ಚುಗಲ್‌ನ ತಮ್ಮ ಹೋಟೆಲುಗಳನ್ನು ಕೋವಿಡ್ ಆಸ್ಪತ್ರೆ ಮಾಡಿದ್ದಾರೆ ಎಂಬ ಸುದ್ದಿ ಜಗತ್ತೆಲ್ಲ ಓಡಾಡಿತು. ಅದು ಸುಳ್ಳು. ಹೋಟೆಲಿನವರೇ ಅಲ್ಲಗಳೆದರು. ಇನ್ನೊಂದು ಕಾರಣ, ಮೇಲೆ ಹೇಳಿದ ತೆರಿಗೆ ರಿಯಾಯಿತಿ. ದಾನದಲ್ಲಿ ಜನರ ದುಡ್ಡೂ ಸೇರಿರುವಾಗ ಅದು ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ಜನರಿಗಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬರನ್ನು ನೋಡಿ ಇನ್ನೊಬ್ಬರು ಕೊಡುವುದು. ವಾರನ್ ಬಫೆಟ್ ಮತ್ತು ಬಿಲ್ ಗೇಟ್ಸ್ 2010ರಲ್ಲಿ ‘ಗಿವಿಂಗ್ ಪ್ಲೆಡ್ಜ್’ ಆರಂಭಿಸಿದ್ದು ಈ ನಂಬಿಕೆಯಿಂದಲೇ. ಅದರಲ್ಲಿ ದಾನದ ಮಾತನ್ನು ಪತ್ರ ಬರೆದು ಬಹಿರಂಗವಾಗಿ ಕೊಡಬೇಕು. 2013ರಲ್ಲಿ ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಅದಕ್ಕೆ ಸಹಿ ಹಾಕಿದ ಮೊದಲ ಭಾರತೀಯರಾದರು. 2017ರಲ್ಲಿ ನಂದನ್ ಮತ್ತು ರೋಹಿಣಿ ನಿಲೇಕಣಿ ಸೇರಿದರು. ಮೊದಲ ಹೆಸರು ಗುಟ್ಟಾಗಿದ್ದಿದ್ದರೆ ಆಮೇಲಿನ ಹೆಸರುಗಳು ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ ಎಂದು ನನ್ನ ಊಹೆ.

ಮಾಟಾ ಹೇಳಿದ 1%

ಫುಟ್‌ಬಾಲ್‌ನಲ್ಲಿ ಈ ಯೋಚನೆಗೆ ರೂಪ ಕೊಟ್ಟವರು ಸ್ಪೇನಿನ ಹುವಾನ್ ಮಾಟಾ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಆಡುತ್ತಿದ್ದಾಗಲೇ, ಉಳಿದ ಸಮಾಜದ ಮುಂದೆ ನಮ್ಮ ಸಂಬಳ ಅಸಹ್ಯ ಎನ್ನುವಷ್ಟು ದೊಡ್ಡದು ಎಂದು ಸ್ಪೇನಿನ ಟಿವಿಯಲ್ಲಿ ಒಪ್ಪಿಕೊಂಡಿದ್ದರು. 2017ರಲ್ಲಿ ಮುಂಬೈಗೆ ಬಂದು, ಕೊಳೆಗೇರಿಯ ಮಕ್ಕಳು ಫುಟ್‌ಬಾಲ್ ಆಡುತ್ತಲೇ ಶಾಲೆ ಬಿಡದಂತೆ ನೋಡಿಕೊಳ್ಳುವ ಆಸ್ಕರ್ ಫೌಂಡೇಶನ್ನಿನ ಕೆಲಸ ನೋಡಿಹೋದರು. ಆ ಆಗಸ್ಟ್‌ನಲ್ಲಿ ‘ಕಾಮನ್ ಗೋಲ್’ ಎಂಬ ದಾನದ ಯೋಜನೆ ಘೋಷಿಸಿದರು. ನಿಯಮ ತುಂಬಾ ಸರಳ: ಸಂಬಳದ ಕನಿಷ್ಠ 1%.

ಅದರ ಹಿಂದೆ ಇದ್ದದ್ದು ಬರ್ಲಿನ್ನಿನ ಸ್ಟ್ರೀಟ್‌ಫುಟ್‌ಬಾಲ್‌ವರ್ಲ್ಡ್ ಎಂಬ ಸಂಸ್ಥೆ. ಅದನ್ನು ಕಟ್ಟಿದ ಯೂರ್ಗೆನ್ ಗ್ರೀಸ್‌ಬೆಕ್ ಅವರ ಕತೆಯನ್ನು ಸ್ವಲ್ಪ ಹೇಳಲೇಬೇಕು. 1994ರ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್ ಅಮೆರಿಕದ ವಿರುದ್ಧ ಆಕಸ್ಮಿಕವಾಗಿ ತಮ್ಮದೇ ಗೋಲಿಗೆ ಚೆಂಡು ಹೊಡೆದರು. ತಂಡ ಸೋತಿತು. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಮೆಡಿಯಿನ್ ನಗರದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಗ್ರೀಸ್‌ಬೆಕ್ ಆಗ ಅದೇ ಊರಿನಲ್ಲಿ ಓದುತ್ತಿದ್ದರು. ಕೊಲೆಗೆ ನೆಪವಾದ ಆಟದಿಂದಲೇ ಜಗಳ ಬಿಡಿಸಬಹುದಾ ಎಂದು ಯೋಚಿಸಿ ಬೀದಿ ಫುಟ್‌ಬಾಲ್ ಶುರು ಮಾಡಿದರು. ಹುಡುಗರು ಹುಡುಗಿಯರು ಒಂದೇ ತಂಡದಲ್ಲಿ ಆಡಬೇಕು. ಮೊದಲ ಗೋಲು ಹುಡುಗಿಯೇ ಹೊಡೆಯಬೇಕು. ರೆಫರಿ ಇರುವುದಿಲ್ಲ, ತಕರಾರು ಬಂದರೆ ಮಾತಾಡಿ ಬಗೆಹರಿಸಿಕೊಳ್ಳಬೇಕು. ಇಂಥ ಕೆಲಸ ಮಾಡುವ ಸಂಸ್ಥೆಗಳು ಲೋಕದಲ್ಲಿ ಬೇಕಾದಷ್ಟಿವೆ ಎಂದು ಅವರಿಗೆ ಆಮೇಲೆ ತಿಳಿಯಿತು. ಆ ಸಂಸ್ಥೆಗಳನ್ನು ಜೋಡಿಸಿದ ಜಾಲವೇ ಸ್ಟ್ರೀಟ್‌ಫುಟ್‌ಬಾಲ್‌ವರ್ಲ್ಡ್. ಕಾಮನ್ ಗೋಲ್‌ನ ದುಡ್ಡು ಹೋಗುವುದು ಈ ಜಾಲದೊಳಗಿನ ಸಂಸ್ಥೆಗಳಿಗೆ.

ಮಾಟಾ ನಂತರ ಮೊದಲು ಬಂದವರು ಜರ್ಮನಿಯ ಮಾಟ್ಸ್ ಹುಮ್ಮೆಲ್ಸ್. ಆಮೇಲೆ ಇಟಲಿಯ ಜಾರ್ಜೊ ಕಿಯೆಲ್ಲಿನಿ, ಅಮೆರಿಕದ ಮೇಗನ್ ರಪಿನೊ, ಅಲೆಕ್ಸ್ ಮಾರ್ಗನ್, ಕೋಚ್ ಯೂಲಿಯನ್ ನಾಗೆಲ್ಸ್‌ಮನ್, ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಅಧ್ಯಕ್ಷ ಅಲೆಕ್ಸಾಂಡರ್ ಚೆಫೆರಿನ್. 2019ರಲ್ಲಿ ಲಿವರ್‌ಪೂಲ್ ಕೋಚ್ ಯೂರ್ಗೆನ್ ಕ್ಲಾಪ್. ರಪಿನೊ, ಮಾರ್ಗನ್ ಇಬ್ಬರೂ ಆಗ ಪುರುಷರಷ್ಟೇ ಸಂಬಳ ಬೇಕೆಂದು ತಮ್ಮ ದೇಶದ ಫುಟ್‌ಬಾಲ್ ಒಕ್ಕೂಟದ ಜೊತೆ ಗುದ್ದಾಡುತ್ತಿದ್ದರು. ಆ ಜಗಳ ಕೋರ್ಟಿಗೆ ಹೋಗಿ 2022ರಲ್ಲಿ 2.4 ಕೋಟಿ ಡಾಲರಿಗೆ ರಾಜಿಯಾಯಿತು. ಕಡಿಮೆ ಸಿಗುತ್ತಿದೆ ಎಂದು ಹೋರಾಡುತ್ತಿದ್ದವರು ಇದ್ದದ್ದರಲ್ಲೇ 1% ಕೊಟ್ಟರು. ಮೆಸ್ಸಿ, ರೊನಾಲ್ಡೊ ಅಂಥ ಅತಿ ಶ್ರೀಮಂತ ಹೆಸರುಗಳು ಸೇರಲಿಲ್ಲ.

1% ಎಂದರೆ ಎಷ್ಟು? ವಾರಕ್ಕೆ 1 ಲಕ್ಷ ಪೌಂಡ್ ಪಡೆಯುವವನಿಗೆ ವಾರಕ್ಕೆ 1,000, ವರ್ಷಕ್ಕೆ 52,000 ಪೌಂಡ್. ನಮ್ಮ ದುಡ್ಡಿನಲ್ಲಿ ಅರ್ಧ ಕೋಟಿಗೂ ಜಾಸ್ತಿ. ಅವನಿಗೆ ಅದು ಗೊತ್ತೇ ಆಗುವುದಿಲ್ಲ. ಇಷ್ಟು ಕಡಿಮೆಯಾ ಎಂದು ಬೈಯುವವರಿದ್ದಾರೆ. ನನಗೂ ಮೊದಲು ಹಾಗೇ ಅನ್ನಿಸುತ್ತದೆ. ಆದರೆ ಈ ನಿಯಮದ ಬಲ ಇರುವುದೇ ಅಲ್ಲಿ. ತಿಂಗಳಿಗೆ ಮೂರು ಸಾವಿರ ಗಳಿಸುವವನೂ ಕೋಟಿ ಗಳಿಸುವವನೂ ಒಂದೇ ಮಾತು ಹೇಳಬಹುದು. ಮೊತ್ತ ಹೇಳಬೇಕಾಗಿಲ್ಲ. ಯಾರೂ ಯಾರಿಗಿಂತ ಚಿಕ್ಕವರಾಗುವುದಿಲ್ಲ. ಒಂದು ಸಲದ ಉದಾರತೆ ಅಲ್ಲ, ಸಂಬಳ ಬಂದಾಗಲೆಲ್ಲ ಕಡಿದುಹೋಗುವ ಕಂತು. ಎಲ್ಲರ ಮುಂದೆ ಮಾತು ಕೊಟ್ಟಿರುವುದರಿಂದ ಮುಂದಿನ ವರ್ಷ ಮರೆತುಬಿಡುವುದೂ ಕಷ್ಟ. ನಮ್ಮಲ್ಲಿ 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಎಂದು ಕಾನೂನಿನಿಂದಲೇ ಎತ್ತಿಡುತ್ತದೆ. ಮಾಟಾ ಕೇಳಿದ್ದು ಅದರರ್ಧ, ಅದೂ ಒಪ್ಪಿಗೆ ಇದ್ದರೆ.

ಕೊಟ್ಟ ಮೇಲೆ

ದುಡ್ಡು ಕೊಡುವುದು ಅರ್ಧ ಕೆಲಸ. ಉಳಿದರ್ಧದಲ್ಲಿ ಒಳ್ಳೆಯ ಮನಸ್ಸಿನವರೂ ಎಡವುತ್ತಾರೆ.

ಸಾಡಿಯೊ ಮಾನೆ ಅವರದ್ದು ಎಲ್ಲರೂ ಮೆಚ್ಚುವ ಉದಾಹರಣೆ. ಸೆನೆಗಲ್‌ನ ಬಂಬಾಲಿ ಅವರ ಹಳ್ಳಿ. ಮಾನೆ ಚಿಕ್ಕವರಿದ್ದಾಗ ಅಪ್ಪ ಕಾಯಿಲೆ ಬಿದ್ದು ತೀರಿಕೊಂಡರು, ಊರಲ್ಲಿ ಆಸ್ಪತ್ರೆ ಇರಲಿಲ್ಲ. ಯೂರೋಪಿನಲ್ಲಿ ಗಳಿಸಿದ ಮೇಲೆ ಅವರು ಹಳ್ಳಿಗೆ ಶಾಲೆ ಕಟ್ಟಿಸಿದರು, 2021ರಲ್ಲಿ ಆಸ್ಪತ್ರೆಯೂ ಆಯಿತು. ಏನು ಬೇಕು ಎನ್ನುವುದು ಅವರಿಗೆ ಮೈಯಲ್ಲೇ ಗೊತ್ತಿತ್ತು. ಆದರೆ ಆಸ್ಪತ್ರೆ ಕಟ್ಟುವುದು ಒಂದು ಖರ್ಚು, ಅದನ್ನು ವರ್ಷವರ್ಷ ನಡೆಸುವುದು ಇನ್ನೊಂದು ಖರ್ಚು. ಡಾಕ್ಟರು, ಔಷಧಿ, ಕರೆಂಟು ಎಲ್ಲಕ್ಕೂ ಸರ್ಕಾರ ಕೈಜೋಡಿಸಬೇಕು. ಮಾನೆ ಅದಕ್ಕಾಗಿ ದೇಶದ ಅಧ್ಯಕ್ಷರನ್ನೇ ಹೋಗಿ ಕಂಡಿದ್ದರು. ಸೆನೆಗಲ್‌ನಲ್ಲಿ ಮಾನೆ ಹುಟ್ಟದ ಹಳ್ಳಿಗಳೂ ಇವೆ ಎನ್ನುವುದು ಬೇರೆ ಮಾತು.

ಸಿಯೆರಾ ಲಿಯೋನ್‌ನಲ್ಲಿ ವೇಲ್ಸ್‌ನ ಕ್ರೇಗ್ ಬೆಲ್ಲಮಿ ತಮ್ಮ ಸ್ವಂತ ದುಡ್ಡು ಸುರಿದು ಫುಟ್‌ಬಾಲ್ ಅಕಾಡೆಮಿ ತೆರೆದರು. ಮಕ್ಕಳಿಗೆ ಆಟದ ಜೊತೆ ಓದೂ ಇತ್ತು. ಮೈದಾನದಲ್ಲಿ ಜಗಳಗಂಟ ಎಂದು ಹೆಸರಾದವರು ಮಾಡಿದ ಕೆಲಸ ಇದು. ಆದರೆ ಒಬ್ಬನ ಜೇಬನ್ನೇ ನಂಬಿದ ಸಂಸ್ಥೆ ಎಷ್ಟು ದಿನ ನಡೆದೀತು? ಕೊನೆಗೆ ದುಡ್ಡು ಹೊಂದದೆ ಮುಚ್ಚಿತು.

ಐವರಿ ಕೋಸ್ಟ್‌ನ ಆಟಗಾರ ಡಿಡಿಯೆ ದ್ರೋಗ್ಬಾ ಅವರ ಫೌಂಡೇಶನ್ನಿನದ್ದು ಇನ್ನೊಂದು ಬಗೆಯ ಪಾಠ. 2016ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು, ಅಲ್ಲಿ ಸಂಗ್ರಹಿಸಿದ ಹಣದಲ್ಲಿ ತೀರಾ ಸ್ವಲ್ಪ ಮಾತ್ರ ಖರ್ಚಾಗಿದೆ ಎಂದು ಬರೆಯಿತು. ದಾನಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್ ತನಿಖೆ ಮಾಡಿತು. ವಂಚನೆಯ ಪುರಾವೆ ಸಿಗಲಿಲ್ಲ. ಆದರೆ ಸಂಗ್ರಹವಾದ ಹಣದ ಬಹುಪಾಲು ಬ್ಯಾಂಕಿನಲ್ಲೇ ಕೂತಿತ್ತು. ಐವರಿ ಕೋಸ್ಟ್‌ನಲ್ಲಿ ಕೆಲಸ ಮಾಡುತ್ತಿದ್ದ ಸಂಸ್ಥೆಯೇ ಬೇರೆ, ಬ್ರಿಟನ್ನಿನಲ್ಲಿ ಹಣ ಸಂಗ್ರಹಿಸಿದ ಸಂಸ್ಥೆಯೇ ಬೇರೆ ಎನ್ನುವುದು ದಾನಿಗಳಿಗೆ ಸ್ಪಷ್ಟವಾಗಿರಲಿಲ್ಲ. ಕೆಟ್ಟ ಉದ್ದೇಶ ಇಲ್ಲದೆಯೂ ಇಂಥ ಗೋಜಲು ಆಗುತ್ತದೆ. ಪ್ರತಿ ಆಟಗಾರನೂ ತನ್ನ ಹೆಸರಿನದೇ ಒಂದು ಫೌಂಡೇಶನ್ ತೆರೆದರೆ ಪ್ರತಿಯೊಂದಕ್ಕೂ ಆಫೀಸು, ಆಡಿಟರ್, ವಕೀಲರು ಬೇಕು. ಕೆಲಸ ಗೊತ್ತಿರುವವರಿಗೆ ಎಲ್ಲರೂ ಸೇರಿ ಕೊಡುವುದು ಅದಕ್ಕಿಂತ ಅಗ್ಗ, ಅದರ ಮೇಲೆ ಕಣ್ಣಿಡುವುದೂ ಸುಲಭ. ಆದರೆ ಅಲ್ಲಿ ಫಲಕದ ಮೇಲೆ ಹೆಸರು ಇರುವುದಿಲ್ಲ.

ಇನ್ನು ತೆರಿಗೆಯ ಮಾತು. 2016ರಲ್ಲಿ ಬಾರ್ಸಿಲೋನಾದ ನ್ಯಾಯಾಲಯ 41 ಲಕ್ಷ ಯೂರೊ ತೆರಿಗೆ ವಂಚನೆಗಾಗಿ ಮೆಸ್ಸಿಗೆ 21 ತಿಂಗಳ ಶಿಕ್ಷೆ ವಿಧಿಸಿತು. 2019ರಲ್ಲಿ ರೊನಾಲ್ಡೊ ತೆರಿಗೆ ಪ್ರಕರಣ ಒಪ್ಪಿಕೊಂಡು 1.88 ಕೋಟಿ ಯೂರೊ ಕಟ್ಟಿದರು. ಇಬ್ಬರೂ ಜೈಲಿಗೆ ಹೋಗಬೇಕಾಗಲಿಲ್ಲ. ಇಬ್ಬರೂ ದೊಡ್ಡ ದಾನಿಗಳು. ಮೆಸ್ಸಿ 2020ರಲ್ಲಿ ಕೋವಿಡ್ ಎದುರಿಸಲು ದಾನ ಕೊಟ್ಟರು ಎಂದು ಬಾರ್ಸಿಲೋನಾದ ಆಸ್ಪತ್ರೆ ಧನ್ಯವಾದ ಹೇಳಿತು. ದಾನ ಎಲ್ಲಿಗೆ ಹೋಗಬೇಕು ಎಂದು ದಾನಿ ತೀರ್ಮಾನಿಸುತ್ತಾನೆ, ತೆರಿಗೆ ಎಲ್ಲಿಗೆ ಹೋಗಬೇಕು ಎಂದು ಊರು ತೀರ್ಮಾನಿಸುತ್ತದೆ. ಮೊದಲನೆಯದು ಎರಡನೆಯದರ ಬದಲಿಗೆ ಬರುವಂತಿಲ್ಲ. ಆಟಗಾರ ಬಹಿರಂಗವಾಗಿ ಹೇಳಬೇಕಾದ ಒಂದೇ ಮೊತ್ತ ಇದ್ದರೆ, ಅದು ಕಟ್ಟಿದ ತೆರಿಗೆ ಎಂದು ವಾದಿಸಬಹುದು.

ದುಡ್ಡಿಗಿಂತ ದೊಡ್ಡದು

ಕೆಲವೊಮ್ಮೆ ಆಟಗಾರನ ಬಳಿ ಇರುವ ಬೆಲೆಬಾಳುವ ವಸ್ತು ಸಂಬಳವೇ ಅಲ್ಲ. ಇಂಗ್ಲೆಂಡಿನ ಆಟಗಾರ ಮಾರ್ಕಸ್ ರ‍್ಯಾಶ್‌ಫರ್ಡ್ ಶಾಲೆಯ ಉಚಿತ ಊಟ ಉಂಡು ಬೆಳೆದವರು. 2020ರ ಜೂನ್ 15ರಂದು ಬ್ರಿಟನ್ನಿನ ಸಂಸದರಿಗೆ ಬಹಿರಂಗ ಪತ್ರ ಬರೆದರು. ಬೇಸಿಗೆ ರಜೆಯಲ್ಲೂ ಬಡ ಮಕ್ಕಳ ಊಟದ ವೋಚರ್ ನಿಲ್ಲಿಸಬೇಡಿ ಎಂದು ಕೇಳಿದರು. ಮೊದಲು ಆಗದು ಎಂದ ಸರ್ಕಾರ ಮರುದಿನವೇ ಬಗ್ಗಿತು. ವಾರಕ್ಕೆ 15 ಪೌಂಡಿನಂತೆ ಆರು ವಾರ, ಸುಮಾರು 13 ಲಕ್ಷ ಮಕ್ಕಳಿಗೆ, ಒಟ್ಟು 12 ಕೋಟಿ ಪೌಂಡ್. ರ‍್ಯಾಶ್‌ಫರ್ಡ್ ತಮ್ಮ ವರ್ಷದ ಸಂಬಳವನ್ನೆಲ್ಲ ಸುರಿದಿದ್ದರೂ ಇಷ್ಟಾಗುತ್ತಿರಲಿಲ್ಲ. ಮುಂದಿನ ವರ್ಷ ಯೂರೊ ಕಪ್ ಫೈನಲ್‌ನಲ್ಲಿ ಅವರು ಪೆನಾಲ್ಟಿ ತಪ್ಪಿದಾಗ, ರಾಜಕೀಯ ಬಿಟ್ಟು ಆಟದ ಕಡೆ ಗಮನ ಕೊಡಬೇಕಿತ್ತು ಎಂಬ ಅರ್ಥದಲ್ಲಿ ಆಡಳಿತ ಪಕ್ಷದ ಸಂಸದೆಯೊಬ್ಬರು ಸಹೋದ್ಯೋಗಿಗಳಿಗೆ ಮೆಸೇಜ್ ಮಾಡಿ, ಆಮೇಲೆ ಕ್ಷಮೆ ಕೇಳಿದರು. ದುಡ್ಡು ಕೊಡದಿದ್ದರೆ ಜಿಪುಣ, ಬಾಯಿ ತೆರೆದರೆ ಅಧಿಕಪ್ರಸಂಗಿ.

ಇದೇ ಬಗೆಯ ಕೊಡುಗೆ ನಮ್ಮಲ್ಲೂ ನಡೆದಿತ್ತು. 2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆ ಏರಿದ್ದಾಗ ಬೆಂಗಳೂರು ಎಫ್‌ಸಿ ನಾಯಕ ಸುನಿಲ್ ಛೇಟ್ರಿ ತಮ್ಮ ಟ್ವಿಟರ್ ಖಾತೆಯನ್ನೇ ಸ್ವಯಂಸೇವಕರ ಕೈಗೆ ಕೊಟ್ಟರು. ಬೆಡ್, ಆಕ್ಸಿಜನ್ ಹುಡುಕುವವರ ಕೂಗು ಲಕ್ಷಾಂತರ ಜನರನ್ನು ತಲುಪಲಿ ಎಂದು. ಇಂಥದ್ದನ್ನು ಗುಟ್ಟಾಗಿ ಮಾಡಲು ಬರುವುದೇ ಇಲ್ಲ.

ಕೊನೆಯದಾಗಿ ಕಾಮನ್ ಗೋಲ್‌ಗೇ ಮರಳುತ್ತೇನೆ, ಯಾಕೆಂದರೆ ಅದರ ಮೂಲ ಗುರಿಯನ್ನು ಎಲ್ಲರೂ ಮರೆಯುತ್ತಾರೆ. ಮಾಟಾ ಕೇಳಿದ್ದು ಆಟಗಾರರ 1% ಮಾತ್ರವಲ್ಲ. ಟಿವಿ ಹಕ್ಕು, ಕ್ಲಬ್ಬುಗಳು ಆಟಗಾರರನ್ನು ಕೊಂಡು ಮಾರುವ ಟ್ರಾನ್ಸ್‌ಫರ್ ಎಲ್ಲ ಸೇರಿ ಇಡೀ ಫುಟ್‌ಬಾಲ್ ವ್ಯವಹಾರದ 1%. ಡೆನ್ಮಾರ್ಕಿನ ನಾರ್ಡ್‌ಶೆಲ್ಯಾಂಡ್‌ನಂಥ ಕ್ಲಬ್ ಸೇರಿತು, ದೊಡ್ಡ ಕ್ಲಬ್ಬುಗಳು ಸೇರಲಿಲ್ಲ. ಮಾಟಾ ಈ ಯೋಜನೆ ಘೋಷಿಸಿದ್ದು 2017ರ ಆಗಸ್ಟ್ 4ರಂದು. ಅದರ ಹಿಂದಿನ ದಿನವಷ್ಟೇ ನೇಮಾರ್ ಬಾರ್ಸಿಲೋನಾದಿಂದ ಪಿಎಸ್‌ಜಿಗೆ ಹೋದರು. ಟ್ರಾನ್ಸ್‌ಫರ್ ಮೊತ್ತ 22.2 ಕೋಟಿ ಯೂರೊ. ಅದರ 1% ಎಂದರೆ 22.2 ಲಕ್ಷ ಯೂರೊ. ವಾರಕ್ಕೆ 1 ಲಕ್ಷ ಪೌಂಡ್ ಪಡೆಯುವ ಆಟಗಾರ ತನ್ನ ಸಂಬಳದ 1% ಕೊಡುತ್ತಾ ಅಷ್ಟು ಕೂಡಿಸಬೇಕಾದರೆ ಮೂವತ್ತೈದು ವರ್ಷಕ್ಕೂ ಜಾಸ್ತಿ ಆಡಬೇಕು.